ತಲೆ ಎತ್ತದೆ ಓದಿದ ಒಂದು ಸಾಲು

ಹೋದ ತಿಂಗಳು ಸಂಭಾಜಿನಗರದ ನಮ್ಮ ಕಚೇರಿಯಲ್ಲಿ ಉಗ್ರಾಣದ ಕೋಣೆ ಖಾಲಿ ಮಾಡಿಸಿದರು. ಮುರಿದ ಕುರ್ಚಿ, ಗೆದ್ದಲು ತಿಂದ ಕಡತ, ಎಲ್ಲ ಗುಜರಿಗೆ. ಆ ರಾಶಿಯ ತಳದಲ್ಲಿ ಕೂಸುಗಳನ್ನು ಜೋಳಿಗೆಯಲ್ಲಿ ಹಾಕಿ ತೂಗುವ ಸ್ಪ್ರಿಂಗ್ ತಕ್ಕಡಿಯೊಂದು ಸಿಕ್ಕಿತು. ನಾಶಿಕ್ ಕಚೇರಿ ಮುಚ್ಚಿದಾಗ ಅಲ್ಲಿಯ ಸಾಮಾನಿನ ಜೊತೆ ಬಂದಿರಬೇಕು. ಗಾಜು ಒಡೆದಿತ್ತು. ಕೆಳಗಿನ ಕಬ್ಬಿಣದ ಕೊಕ್ಕೆ ಪಕ್ಕಕ್ಕೆ ತಿರುಚಿಕೊಂಡಿತ್ತು. ಇದನ್ನೂ ಬಿಸಾಡುವುದೇ ಎಂದು ಗುಮಾಸ್ತ ಕೇಳಿದಾಗ ಅದನ್ನು ಅವನ ಕೈಯಿಂದ ತೆಗೆದುಕೊಂಡೆ. ಆ ಕೊಕ್ಕೆ ಹಾಗಾದದ್ದು ಒಬ್ಬ ಹೆಂಗಸಿನ ದವಡೆಗೆ ಬಡಿದು, ಆಮೇಲೆ ಗೋದಾಮಿನ ಕಂಬಕ್ಕೆ ಬಡಿದು... ಆಗ ನಾನು ನಾಲ್ಕು ಮಾರು ದೂರದಲ್ಲಿದ್ದೆ.

ನಾವೆಲ್ಲ ಅವಳನ್ನು ಮಾವಶಿ ಅನ್ನುತ್ತಿದ್ದೆವು. ನಾಶಿಕ್‌ನಲ್ಲಿ ತಾಯಿಯ ವಯಸ್ಸಿನ ಯಾವ ಹೆಂಗಸನ್ನಾದರೂ ಹಾಗೇ ಕರೆಯುತ್ತಾರೆ, ಚಿಕ್ಕಮ್ಮ ಎಂದ ಹಾಗೆ. ಇಂಡಿ ಕಡೆಯವಳು, ಮದುವೆಯಾಗಿ ಲಾಸಲಗಾಂವಿಗೆ ಬಂದು ಅಲ್ಲಿಯ ಈರುಳ್ಳಿ ಮಾರುಕಟ್ಟೆಯಲ್ಲಿ ಇಪ್ಪತ್ತು ವರ್ಷ ಉಳ್ಳಾಗಡ್ಡಿ ಆರಿಸಿದ್ದಳು. ಹಮಾಲರ ಹೆಂಡಂದಿರ ಹೆರಿಗೆಗಳೆಲ್ಲ ಅವಳ ಕೈಯಲ್ಲೇ ಆಗುತ್ತಿದ್ದವು. ಎಳೆಕೂಸುಗಳಿಗೆ ತಾಯಂದಿರು ಏನು ಉಣಿಸುತ್ತಾರೆ ಎಂಬ ನಮ್ಮ ಅಧ್ಯಯನಕ್ಕೆ, ಬಾಣಂತಿಯರ ಹತ್ತಿರ ಕರೆದೊಯ್ಯುವವರು ಒಬ್ಬರು ಬೇಕಿತ್ತು, ಅವಳನ್ನು ಹಿಡಿದೆವು. ನಾನು ಓಝರ್ ಹತ್ತಿರದ ವಿಮಾನ ಕಾರ್ಖಾನೆಯ ಧಾರವಾಡದ ಮೆಕ್ಯಾನಿಕ್ ಒಬ್ಬರ ಮಗಳು, ಆಗಷ್ಟೇ ಓದು ಮುಗಿಸಿದವಳು. ಅವಳ ಬಾಯಲ್ಲಿ ಕನ್ನಡ ಕೇಳಿದ ದಿನವೇ ಅವಳ ಬೆನ್ನು ಹತ್ತಿದೆ. ನನ್ನ ಕನ್ನಡ ಮರಾಠಿ ಸೀರೆ ಉಟ್ಟಿದೆ ಎಂದು ಅವಳು ದಿನಾ ಆಡಿಕೊಂಡು ನಗುತ್ತಿದ್ದಳು.

ನಮ್ಮ ಕೆಲಸದ ರೀತಿ ಹೀಗಿತ್ತು. ನಿನ್ನೆ ಹೊತ್ತು ಮೂಡಿದಾಗಿನಿಂದ ಇವತ್ತು ಹೊತ್ತು ಮೂಡುವ ತನಕ ಕೂಸಿನ ಬಾಯಿಗೆ ಏನೇನು ಹೋಯಿತು, ಒಂದು ಚಮಚ ನೀರನ್ನೂ ಬಿಡದೆ ಕೇಳಿ ಬರೆಯಬೇಕು. ಬರೆದದ್ದನ್ನು ಕೊನೆಯಲ್ಲಿ ತಾಯಿಗೆ ಓದಿ ಹೇಳಿ, ಹೌದು ಅನ್ನಿಸಿಕೊಳ್ಳಬೇಕು. ಮಾವಶಿ ಕೂಸನ್ನು ತೂಗುವಳು, ನಾನು ಬರೆಯುವೆ. ನನ್ನ ಕಾಗದಗಳಲ್ಲಿ ಒಂದು ಖಾನೆಯೂ ಖಾಲಿ ಇರುವುದಿಲ್ಲ ಎಂದು ಮೇಲಿನವರು ಹೊಗಳಿದ್ದರು. ಆ ಸೊಕ್ಕು ನನ್ನ ತಲೆಗೇರಿತ್ತು, ಸುಳ್ಳೇಕೆ ಹೇಳಲಿ.

ಆ ಬೇಸಿಗೆ ಅಂಬಡ್ ಕಾರ್ಖಾನೆಗಳ ಹಿಂದಿನ ಎರಡು ಬಸ್ತಿಗಳ ನಡುವೆ ನೀರಿನ ನಳಕ್ಕಾಗಿ ಜಗಳ ಹತ್ತಿತು. ಕೊಡದಿಂದ ಕಲ್ಲಿಗೆ, ಕಲ್ಲಿನಿಂದ ಸೀಮೆಎಣ್ಣೆಗೆ ಬಂತು. ಎರಡು ದಿನ ತಗಡಿನ ಮನೆಗಳು ಧಗಧಗ ಉರಿದವು. ಯಾರು ಮೊದಲು ಹಚ್ಚಿದರು ಎಂದು ಕೇಳಿದರೆ ಈ ಕಡೆಯವರು ಆ ಕಡೆಯವರನ್ನು ತೋರಿಸುತ್ತಿದ್ದರು, ಅವರು ಇವರನ್ನು. ಉಳಿದವರನ್ನೆಲ್ಲ ತಂದು ಒಂದೇ ಖಾಲಿ ಗೋದಾಮಿಗೆ ತುಂಬಿ, ನಡುವೆ ನೀಲಿ ತಾಡಪಾಲು ಕಟ್ಟಿ ಎರಡು ಭಾಗ ಮಾಡಿದರು. ಎಂಥ ಬುದ್ಧಿವಂತಿಕೆ! ಊಟದ ಗಾಡಿ ಬಂದಾಗಲೆಲ್ಲ ತಾಡಪಾಲಿನ ಎರಡೂ ಕಡೆ ಗಂಡಸರು ಕೈಯಲ್ಲಿ ಸಲಾಕೆ ಹಿಡಿದು ನಿಲ್ಲುತ್ತಿದ್ದರು. ಒಬ್ಬನ ಕಿವಿ ಹರಿಯಿತು, ಒಬ್ಬ ಮುದುಕನ ಕೈ ಮುರಿಯಿತು. ನಿರಾಶ್ರಿತರ ಶಿಬಿರದಲ್ಲಿ ಕೂಸುಗಳ ಹೊಟ್ಟೆಯ ಪಾಡು ಏನಾಗುತ್ತದೆ ಎಂದು ತಿಳಿಯಲು ನಮ್ಮನ್ನು ಅಲ್ಲಿಗೆ ಕಳಿಸಿದರು.

ಈ ಕಡೆ ಒಬ್ಬ ಎಳೆ ಬಾಣಂತಿ ಇದ್ದಳು. ಎರಡು ತಿಂಗಳ ಹೆಣ್ಣು ಕೂಸು. ಗಂಡ ಮೈ ಸುಟ್ಟುಕೊಂಡು ಆಸ್ಪತ್ರೆ ಸೇರಿದ್ದ, ಮೈದುನನ ಕಾವಲಿನಲ್ಲಿ ಅವಳು. ಬೆಂಕಿ ಕಂಡ ದಿನದಿಂದ ಎದೆಯಲ್ಲಿ ಹಾಲಿಳಿಯುತ್ತಿರಲಿಲ್ಲ. ಪುಣ್ಯಾತ್ಮರು ಯಾರೋ ಹಾಲಿನ ಪುಡಿಯ ಡಬ್ಬಿ ಹಂಚಿದ್ದರು. ಕುದಿಸಲು ಒಲೆಯಿಲ್ಲ, ಟ್ಯಾಂಕಿನ ನೀರಲ್ಲಿ ಹುಳ. ಆ ನೀರಿಗೇ ಪುಡಿ ಕಲಸಿ ಕುಡಿಸಿ ಕೂಸಿಗೆ ಭೇದಿ ಹತ್ತಿತ್ತು. ತಕ್ಕಡಿಯ ಮುಳ್ಳು ದಿನದಿನಕ್ಕೆ ಹಿಂದೆ ಸರಿಯುತ್ತಿತ್ತು. ಮಾವಶಿ ಡಬ್ಬಿಯನ್ನು ಕಾಲಿಂದ ಒದ್ದು ಅಂದಳು:

"ಹಾಲ ಕುಡದ ಮಕ್ಕಳ ಬದುಕೂದು ಕಷ್ಟೈತಿ. ಇನ್ನ ಇಂಥಾ ವಿಷ ಕುಡದ ಕೂಸು ಬದುಕತೈತೇನ ತಂಗಿ?"

ಮರುದಿನದಿಂದ ಆ ಕೂಸು ಚೇತರಿಸಿಕೊಳ್ಳತೊಡಗಿತು. ಹೇಗೆ ಎಂದು ನನಗೆ ತಿಳಿಯಲಿಲ್ಲ. ಮೂರನೆಯ ದಿನ ಮಾವಶಿಯೇ ಹೇಳಿದಳು. ಆ ಕಡೆ ಒಬ್ಬಳ ಕೂಸು ಬೆಂಕಿಯ ಹೊಗೆಗೆ ಸತ್ತಿತ್ತು. ಅವಳು ಎದೆಹಾಲು ಕಟ್ಟಿ, ಕಲ್ಲಾಗಿ, ಜ್ವರ ಬಂದು ನರಳುತ್ತಿದ್ದಳು. ಮಾವಶಿ ತೂಗುವ ನೆಪದಲ್ಲಿ ಈ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾಡಪಾಲಿನ ಆಚೆ ಒಯ್ದು, ಅವಳ ಎದೆಗೆ ಹಚ್ಚಿ ತರುತ್ತಿದ್ದಳು. ಅವಳ ಊರಲ್ಲಿ ಅದು ರೂಢಿಯಂತೆ. ಒಬ್ಬಳ ಹಾಲು ಬತ್ತಿದರೆ ಓಣಿಯ ಇನ್ನೊಬ್ಬಳು ಕುಡಿಸಬೇಕು, ಯಾವ ಮನೆಯವಳು ಎಂದು ಕೇಳಬಾರದು. ಇಲ್ಲಿ ಮಾತ್ರ ಗಂಡಸರಿಗೆ ಗೊತ್ತಾದರೆ ಎರಡೂ ಕಡೆ ಹೆಣ ಬೀಳುತ್ತವೆ ಎಂದೂ ಹೇಳಿದಳು. ನಾನು ಕೋಲೆಬಸವನ ಹಾಗೆ ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಬಾಣಂತಿಯ ಎದುರು ಕೂತು ಕಾಗದ ತುಂಬಿದೆ. ನಾಲ್ಕು ಮಾರು ಆಚೆ ಮಾವಶಿ ಕೂಸನ್ನು ಎತ್ತಿಕೊಂಡು ತಕ್ಕಡಿ ಹಿಡಿದು ನಿಂತಿದ್ದಳು. ಅವಳು ನನ್ನನ್ನು ನಂಬಿ ಪಿಸುಮಾತಿನಲ್ಲಿ ಎಲ್ಲ ಹೇಳಿದಳು. ಬೇರೆ ತಾಯಿಯ ಹಾಲು ಎಂಬುದಕ್ಕೆ ನಮ್ಮಲ್ಲಿ ಖಾನೆಯೇ ಇರಲಿಲ್ಲ. ಖಾಲಿ ಬಿಡಲಿಕ್ಕೆ ನನಗೆ ಮನಸ್ಸಾಗದೆ, ಅಂಚಿನಲ್ಲಿ ವಿವರವಾಗಿ ಬರೆದೆ. ಆಮೇಲೆ ನಿಯಮ ಇದೆಯಲ್ಲ... ಗಂಟಲು ಸರಿಮಾಡಿಕೊಂಡು ಮರಾಠಿಯಲ್ಲಿ ಓದತೊಡಗಿದೆ. ಬೆಳಿಗ್ಗೆ ಇಷ್ಟು, ಮಧ್ಯಾಹ್ನ ಇಷ್ಟು, ಸಂಜೆ ತಾಡಪಾಲಿನ ಆಚೆಯ ಇಂಥವಳ ಎದೆಹಾಲು, ಎರಡು ಸಲ. ಹೆಸರು ಸಮೇತ ಓದಿದೆ, ಶಾಲೆಯ ಹುಡುಗಿ ಪಾಠ ಒಪ್ಪಿಸಿದ ಹಾಗೆ. ಮೈದುನ ನೀರಿನ ಕೊಡ ಹಿಡಿದು ನನ್ನ ಬೆನ್ನ ಹಿಂದೆ ನಿಂತಿದ್ದ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕೊಡ ನೆಲಕ್ಕೆ ಬಿದ್ದ ಸದ್ದು ಕೇಳಿ ನಾನು ತಿರುಗುವುದರೊಳಗೆ ಅವನು ಮಾವಶಿಯ ಜುಟ್ಟು ಹಿಡಿದಾಗಿತ್ತು. ಕೂಸು ಅವಳ ತೋಳಿನಲ್ಲೇ ಇತ್ತು. ತಕ್ಕಡಿ ಕಿತ್ತುಕೊಂಡು ಅದರಿಂದಲೇ ಬಡಿದ. ಮೊದಲ ಏಟಿಗೆ ದವಡೆ ಸರಿಯಿತು, ಹಲ್ಲು ರಕ್ತದ ಜೊತೆ ಹೊರಬಿದ್ದವು. ಅವಳು ಕೂಸನ್ನು ಹೊಟ್ಟೆಯ ಕೆಳಗೆ ಹಾಕಿಕೊಂಡು ಬೋರಲು ಬಿದ್ದಳು. ಅವನು ಬೆನ್ನಿಗೆ ಒದ್ದ, ಮತ್ತೆ ತಕ್ಕಡಿ ಬೀಸಿದ ಏಟು ಗುರಿ ತಪ್ಪಿ ಕಂಬಕ್ಕೆ ಬಿತ್ತು, ಆಮೇಲೆ ಸಲಾಕೆ ತೆಗೆದುಕೊಂಡು ಅವಳ ಬಲಗೈ ಜಜ್ಜಿದ. ನಮ್ಮ ರಕ್ತಕ್ಕೆ ಅವರ ಹಾಲು ಬೆರೆಸಿದಳು ಎಂದು ಕಿರುಚುತ್ತಿದ್ದ. ಅಷ್ಟರಲ್ಲಿ ತಾಡಪಾಲು ಹರಿಯಿತು. ಆ ಕಡೆಯ ಗಂಡಸರು ಹಾಲು ಕೊಟ್ಟ ಹೆಂಗಸನ್ನು, ತಮ್ಮವಳನ್ನೇ, ಕೂದಲು ಹಿಡಿದು ಎಳೆದು ತಂದು ಎದೆಗೆ ಒದೆಯುತ್ತಿದ್ದರು. ಇಟ್ಟಿಗೆ ಹಾರಿದವು. ನಾನು ನೀರಿನ ಟ್ಯಾಂಕಿನ ಹಿಂದೆ ಕೂತು ಕಾಗದಗಳನ್ನು ಎದೆಗವಚಿಕೊಂಡಿದ್ದೆ. ಹೌದು, ಕಾಗದಗಳನ್ನು. ಪೊಲೀಸರು ಬರುವ ತನಕ ಅಲ್ಲಿಂದ ಏಳಲಿಲ್ಲ. ನನ್ನಂಥ ಹೇಡಿಯನ್ನು ನಾನು ಇನ್ನೂ ಕಂಡಿಲ್ಲ.

ಕೂಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಮರುದಿನವೇ ತಾಡಪಾಲಿನ ಜಾಗಕ್ಕೆ ತಗಡಿನ ಗೋಡೆ ಬಂತು. ಹಾಲು ಕೊಟ್ಟವಳನ್ನು ಸಿಲ್ಲೋಡ್ ಕಡೆಯ ನೆಂಟರ ಮನೆಗೆ ಸಾಗಿಸಿದರು. ಕೂಸಿಗೆ ಮತ್ತೆ ಡಬ್ಬಿ, ಮತ್ತೆ ಅದೇ ನೀರು. ಮೈದುನ ಜೈಲಿನಲ್ಲಿದ್ದ, ಮಾವಶಿ ಆಸ್ಪತ್ರೆಯಲ್ಲಿ. ಒಂಬತ್ತನೆಯ ದಿನ ಕೂಸು ಸತ್ತಿತು. ಕಾರಣದ ಖಾನೆಯಲ್ಲಿ ನಾನು ಭೇದಿ ಎಂದು ಬರೆದೆ.

ಮಾವಶಿಯ ದವಡೆಗೆ ಬಿಗಿದಿದ್ದ ತಂತಿ ಬಿಚ್ಚಿದ್ದು ತಿಂಗಳ ಮೇಲೆ. ಅಲ್ಲಿಯ ತನಕ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಕೂತು ಬರುತ್ತಿದ್ದೆ, ಒಮ್ಮೆಯೂ ಕ್ಷಮೆ ಕೇಳಲಿಲ್ಲ. ಮಾತು ಬಂದ ದಿನ ಅವಳೇ ಅಂದಳು:

"ಎರಡ ಸಲ ಕೆಮ್ಮಿದ್ನಿ ತಂಗಿ. ನೀ ತಲಿ ಎತ್ತಲಿಲ್ಲ."

ಬೈಗುಳವಲ್ಲ, ಸಿಟ್ಟೂ ಇರಲಿಲ್ಲ ಅದರಲ್ಲಿ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅದಾದ ಮೇಲೆ ನಾನು ಆಸ್ಪತ್ರೆಗೆ ಹೋಗಲಿಲ್ಲ. ಅವಳು ಲಾಸಲಗಾಂವಿಗೆ ಮರಳಿ ಎಡಗೈಯಲ್ಲಿ ಉಳ್ಳಾಗಡ್ಡಿ ಆರಿಸುತ್ತಿದ್ದಾಳೆ ಎಂದು ಯಾರೋ ಹೇಳಿದರು. ಮುಂದಿನ ವಾರ ಹೋಗೋಣ, ದೀಪಾವಳಿ ಕಳೆಯಲಿ... ಹೀಗೇ ವರ್ಷಗಳು ಉರುಳಿದವು. ನನಗೆ ಬಡ್ತಿ ಸಿಕ್ಕಿತು, ಸಂಭಾಜಿನಗರಕ್ಕೆ ವರ್ಗವಾಯಿತು.

ತಕ್ಕಡಿ ಸಿಕ್ಕ ಮರುವಾರ ಕೊನೆಗೂ ಲಾಸಲಗಾಂವಿಗೆ ಹೋದೆ. ಮಾರುಕಟ್ಟೆಯ ಛಪ್ಪರದಲ್ಲಿ ವಿಚಾರಿಸಿದಾಗ ಒಬ್ಬ ಹೆಂಗಸನ್ನು ತೋರಿಸಿದರು. ಮಾವಶಿಯ ಮಗಳು. ಮಾವಶಿ ತೀರಿಕೊಂಡು ಮೂರು ವರ್ಷವಾಗಿತ್ತು. ಅವ್ವನ ಜೊತೆ ಕೆಲಸ ಮಾಡಿದವಳು ಎಂದು ಕೇಳಿ ಖುಷಿಯಿಂದ ಗೋಣಿಚೀಲ ಹಾಸಿ ಕೂರಿಸಿದಳು, ಚಹಾ ತರಿಸಿದಳು. ಆಮೇಲೆ ಅವಳಾಗಿಯೇ ಆ ಗೋದಾಮಿನ ಮಾತು ತೆಗೆದಳು.

"ನಮ್ಮವ್ವನ ಬಾಯಿ ಸಡ್ಲ ಇತ್ರಿ. ಕೂಸಿನ ಸುದ್ದಿ ನಳದ ಕಟ್ಟಿ ಮ್ಯಾಲ ಕುಂತು ತಾನ ಆಡಿಬಿಟ್ಟಿದ್ಲಂತ, ಅಕಿನ ಹೇಳತಿದ್ಲು. ಅಕಿ ಬಾಯಿಗಿ ಒಂದು ಜೀವ ಹೋತು. ಸಾಯೂತನಕ ಬೈದೀನ್ರಿ ನಾ ಅಕಿಗಿ."

ಅವ್ವನ ಮುರಿದ ಕೈ ನೋಡಿದಾಗಲೆಲ್ಲ ಮಗಳು ಬೈಯುತ್ತಿದ್ದಳಂತೆ. ಊರಿನ ಬಾಣಂತಿಯರೂ ಆಮೇಲೆ ಮಾವಶಿಯನ್ನು ಮನೆಯೊಳಗೆ ಕರೆಯಲಿಲ್ಲವಂತೆ, ಗುಟ್ಟು ನಿಲ್ಲದವಳೆಂದು. ಮಾವಶಿ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಳ್ಳುತ್ತಿದ್ದಳಂತೆ. ನಾನು ಚಹಾದ ಲೋಟ ಕೆಳಗಿಟ್ಟೆ.

"ಅವರು ಹೇಳಿಲ್ಲ," ಎಂದೆ. "ಕಾಗದ ಓದಿದಾಕಿ ನಾನು."

ನಡೆದದ್ದನ್ನೆಲ್ಲ ಹೇಳಿದೆ, ಕೆಮ್ಮಿದ್ದನ್ನೂ. ಅವಳು ಉಳ್ಳಾಗಡ್ಡಿಯ ಬುಟ್ಟಿ ಎತ್ತಿಕೊಂಡು ಎದ್ದು ನಿಂತು ಕೇಳಿದಳು:

"ಇಷ್ಟ ವರ್ಷ ಎಲ್ಲಿದ್ರಿ?"

ವರ್ಗವಾಗುವ ತನಕ ನಾಶಿಕ್‌ನಲ್ಲೇ ಇದ್ದೆ, ಬಸ್ಸಿನಲ್ಲಿ ಒಂದೂವರೆ ತಾಸು ಎಂದು ಅದನ್ನೂ ಹೇಳಿದೆ. ಅವಳ ಕೈಯಿಂದ ಬುಟ್ಟಿ ಜಾರಿ ಉಳ್ಳಾಗಡ್ಡಿ ನಾಲ್ಕೂ ಕಡೆ ಉರುಳಿದವು. ಅವಳು ಎರಡೂ ಕೈಯಿಂದ ತನ್ನ ಬಾಯಿಯ ಮೇಲೆ ಬಡಿದುಕೊಳ್ಳುತ್ತ, ಯವ್ವಾ ನನಗರೆ ಯಾಕ ಹೇಳಲಿಲ್ಲ ಎಂದು ಅಳುತ್ತಿದ್ದಳು. ನಾನು ಅವಳ ಕೈ ಹಿಡಿಯಲು ಹೋದೆ, ಅವಳು ಹಿಡಿಯಗೊಡಲಿಲ್ಲ.