ಬಾರ್ಡರಿನಲ್ಲಿ ಉಂಟು

ಸಂತೆಕಟ್ಟೆಯ ಲ್ಯಾಬಿನ ಬೆಂಚಿನಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ರಕ್ತ ಕೊಡಲು ಖಾಲಿ ಹೊಟ್ಟೆಯಲ್ಲಿ ಬಂದಿದ್ದೆ. ಪಕ್ಕದಲ್ಲಿ ಕುಳಿತಿದ್ದ ಬ್ಯಾರಿ ವ್ಯಾಪಾರಿಯೊಬ್ಬರು ತಮ್ಮ ರಿಪೋರ್ಟನ್ನು ನನ್ನ ಕೈಗಿಟ್ಟರು. "ಸ್ವಲ್ಪ ನೋಡಿ ಸಾರ್. ಶುಗರ್ ಬಾರ್ಡರಿನಲ್ಲಿ ಉಂಟಂತೆ. ಹೆದರುವಂಥದ್ದು ಎಂತ ಇಲ್ಲ, ಅಲ್ವಾ?"

ಕನ್ನಡಕ ಹಾಕಿದವರೆಲ್ಲ ಓದಿದವರು ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ ನೋಡಿ. ಅದೇ ನಂಬಿಕೆಯಿಂದ ನನ್ನ ಅಕ್ಕನೂ ಒಮ್ಮೆ ಹೀಗೆಯೇ ಕಾಗದ ಹಿಡಿದು ಬಂದಿದ್ದಳು.

ಅಕ್ಕ ಹೆಜಮಾಡಿಯಲ್ಲಿ ಮೀನು ಮಾರುತ್ತಿದ್ದಳು. ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಗ್ಯಾಸಿನ ಚೀಟಿಯಿಂದ ಮದ್ದಿನ ಚೀಟಿಯವರೆಗೆ ಎಲ್ಲಕ್ಕೂ ನಾನೇ ಪಂಡಿತ. ವಿಜ್ಞಾನದಲ್ಲಿ ನಾನು ಪಾಸಾದದ್ದು ಮಾಸ್ತರರ ಕರುಣೆಯಿಂದ ಎಂಬುದು ಅವಳಿಗೇನು ಗೊತ್ತು. ಆರೋಗ್ಯ ಶಿಬಿರದಲ್ಲಿ ಕೊಟ್ಟ ರಿಪೋರ್ಟನ್ನು ನೋಡಿ ಗಂಭೀರವಾಗಿ ಹೇಳಿದೆ: "ಬಾರ್ಡರ್ ಅಷ್ಟೇ ಅಕ್ಕ. ಕಾಯಿಲೆ ಇಲ್ಲ."

ಹೆಜಮಾಡಿಯವರಿಗೆ ಬಾರ್ಡರ್ ಎಂದರೆ ಏನು? ಸೇತುವೆ ದಾಟಿದರೆ ಬೇರೆ ಜಿಲ್ಲೆ. ಅಲ್ಲಿಯೂ ಅದೇ ಮೀನು, ಅದೇ ತುಳು. ಅಕ್ಕ ದಿನಾ ಬುಟ್ಟಿ ಹೊತ್ತು ಅದನ್ನು ದಾಟುತ್ತಿದ್ದಳು. "ಬಾರ್ಡರಿನಲ್ಲೇ ಹುಟ್ಟಿದವಳು ನಾನು ಮಾರಾಯ, ಅದಕ್ಕೆಂತ ಹೆದರುವುದು?" ಎಂದು ನಕ್ಕಳು. ನಾನೂ ನಕ್ಕೆ. ಮತ್ತೆ ರಕ್ತ ಪರೀಕ್ಷೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ವರ್ಷಗಳ ನಂತರ ಒಂದು ದಿನ ಅವಳ ಪಾದಕ್ಕೆ ಮೀನಿನ ಮುಳ್ಳು ಹೊಕ್ಕಿತು. ಅವಳಿಗೆ ನೋಯಲೇ ಇಲ್ಲ. ಮಣಿಪಾಲಕ್ಕೆ ಕರೆದೊಯ್ಯುವಾಗ ಪಾದ ಕಪ್ಪಾಗಿತ್ತು. ಹಳೆಯ ರಿಪೋರ್ಟನ್ನು ನೋಡಿದ ಡಾಕ್ಟರು ನನಗೆ ತಾಳ್ಮೆಯಿಂದ ವಿವರಿಸಿದರು. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರಿಂದಲೇ ಮುಳ್ಳು ಹೊಕ್ಕಿದ್ದು ತಿಳಿಯಲಿಲ್ಲವಂತೆ. ಸಕ್ಕರೆ ತುಸು ಏರುತ್ತಿರುವಾಗಲೇ ಒಳಗೆ ಇನ್ಸುಲಿನ್ ಸ್ರವಿಸುವ ಶಕ್ತಿ ಕುಂದುತ್ತಾ ಬರುತ್ತದಂತೆ; ಮಧುಮೇಹ ಎಂದು ಹೆಸರು ಬೀಳುವಷ್ಟರಲ್ಲಿ ಅದು ಸಾಕಷ್ಟು ಇಳಿದಿರುತ್ತದಂತೆ. "ಆಗಲೇ ಬಂದಿದ್ದರೆ ತಡೆಯಲಿಕ್ಕೆ ದಾರಿ ಇತ್ತು" ಎಂದರು. ನಾವಿಬ್ಬರೂ ನಗುತ್ತಿದ್ದ ದಿನವೇ ಅವಳೊಳಗೆ ಅದು ಕುಂದುತ್ತಿತ್ತು.

ಪಾದ ಹೋಯಿತು, ಎರಡು ವರ್ಷದಲ್ಲಿ ಅಕ್ಕನೂ ಹೋದಳು. ನನ್ನನ್ನು ಒಮ್ಮೆಯಾದರೂ ಬೈದಿದ್ದರೆ ಮನಸ್ಸು ಎಷ್ಟೋ ಹಗುರವಾಗುತ್ತಿತ್ತು. ನೋಡಲು ಬಂದವರಿಗೆಲ್ಲ ಅವಳು ಹೇಳುತ್ತಿದ್ದುದು ಒಂದೇ: "ನನ್ನ ತಮ್ಮ ಆಗಲೇ ಓದಿ ಹೇಳಿದ್ದ. ಅವನು ಕೊಟ್ಟ ಧೈರ್ಯದಲ್ಲಿ ಇಷ್ಟು ವರ್ಷ ನಡೆದೆ." ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸುತ್ತಿತ್ತು.

"ಸಾರ್?" ಎಂದರು ಪಕ್ಕದವರು.

"ಹೆದರುವಂಥದ್ದು ಉಂಟು" ಎಂದೆ. "ಇವತ್ತೇ ಡಾಕ್ಟರರನ್ನು ನೋಡಿ."

ಅವರ ಮುಖ ಬಾಡಿತು. ನನ್ನ ಕೈಯಿಂದ ರಿಪೋರ್ಟನ್ನು ಕಸಿದುಕೊಂಡಂತೆ ತೆಗೆದುಕೊಂಡು, ಮನೆಗೆ ಫೋನ್ ಮಾಡಲು ಹೊರಗೆ ಹೋದರು. ಅಷ್ಟು ಹೆದರಿಕೆಯನ್ನು ನಾನು ಅಕ್ಕನಿಗೂ ಕೊಡಬಹುದಾಗಿತ್ತು.