ದೇವರ ದೊಡ್ಡಿಗೆ ಹೊತ್ತ ಹೊರೆ

ದೇವರ ದನಗಳ ದೊಡ್ಡಿಗೆ ಆ ಹಳದಿ ಹೂವಿನ ಕಳೆ ತಂದವರು ನೀವಲ್ಲ, ಮಾಮಾ. ನಾನು. ಅದು ಗೊತ್ತಿದ್ದೇ ನಿಮ್ಮ ಮೇಲೆ ಹೊರಿಸಿದೆ.

ಆ ಹೂವಿನ ಬೀಜದ ಪೊಟ್ಟಣವನ್ನು ಅಂಚೆಯಲ್ಲಿ ತರಿಸಿದ್ದೆ. ನೀರು ಬೇಡ, ಗೊಬ್ಬರ ಬೇಡ ಎಂದು ಅದರ ಮೇಲೆ ದೊಡ್ಡದಾಗಿ ಬರೆದಿತ್ತು. ಬೇಲಿ ದಾಟೀತು, ಎಚ್ಚರ ಎಂದು ಹಿಂದುಗಡೆ ಸಣ್ಣಕ್ಷರದಲ್ಲಿ. ಓದಿದ್ದೆ. ಆಂಡಿಪಟ್ಟಿಯ ಬಿಸಿಲಿಗೆ ಮಲ್ಲಿಗೆಯೂ ಸುಟ್ಟುಹೋದ ಆ ವರ್ಷ ನಮ್ಮ ಹಿತ್ತಿಲಲ್ಲಿ ಮಾತ್ರ ಆ ಹೂ ತುಂಬಿಕೊಂಡಿತ್ತು. ದನಗಳ ಹಬ್ಬ ಮಾಟುಪೊಂಗಲಿಗೆ ಮನೆಗೊಂದು ಹೊರೆ ಹಸಿರು ದೊಡ್ಡಿಗೆ ಒಪ್ಪಿಸಬೇಕಲ್ಲ — ಬೇರೇನೂ ಇರಲಿಲ್ಲ, ಅದನ್ನೇ ಕೊಯ್ದೆ. ಅಜ್ಜಿ ತಡೆದರು.

“ಹೂ ಉದುರಿರೋದು ಬ್ಯಾಡ, ನನ್ ಕಣ್ಣು. ಬೀಜ ಐತೆ.”

“ಹಸು ತಿಂದ್ರೆ ಬೀಜಾನೂ ಮುಗೀತಲ್ಲ ಅಜ್ಜಿ. ಮೊಳೀತದೆ ಅನ್ನಕ್ಕೆ ಸಾಕ್ಷಿ ಏನೈತೆ?”

“ನಿನ್ ಬಾಯ್ಗೆ ಕಾಲೇಜಲ್ಲಿ ಕಪ್ ಕೊಟ್ರಲ್ಲ, ನಾಳೆ ಕಳೆ ಕೀಳಕ್ಕೆ ಅವರ್ನೇ ಕರಿ.”

ಗೆದ್ದೆನೆಂದುಕೊಂಡೆ. ದನಗಳು ಎಲೆ ತಿಂದು ದಂಟು ಬಿಟ್ಟವು. ಬೀಜ ತುಂಬಿದ ದಂಟು ಸಗಣಿಯಲ್ಲಿ ಬೆರೆತುಹೋಯಿತು. ಉಳುಮೆಗೆ ಮುಂಚೆ, ಎಂದಿನಂತೆ, ದೊಡ್ಡಿ ನೋಡಿಕೊಳ್ಳುತ್ತಿದ್ದ ನೀವು ದೇವರ ಗೊಬ್ಬರವೆಂದು ಮನೆಗೊಂದು ಬುಟ್ಟಿ ಹಂಚಿದಿರಿ — ಮಳೆ ಬಿದ್ದ ಮೇಲೆ ಎಲ್ಲರ ಕಡಲೆಕಾಯಿ ಹೊಲದಲ್ಲೂ ಅದೇ ಹೂ.

ಊರಿನ ಕೂಟ ಸೇರಿತು. ಓದಿದವಳು ಹೇಳಲಿ ಎಂದು ಹಿರಿಯರು ನನ್ನತ್ತ ತಿರುಗಿದರು. ಅದು ಎಲ್ಲಿಂದ ಬಂತೆಂದು ನನಗೆ ಆಗಲೇ ಗೊತ್ತಿತ್ತು. ಆದರೂ —

“ಬೋಡಿಮೆಟ್ಟು ಬೆಟ್ಟದ ಕಡೆ ಮೇಯಕ್ಕೆ ಹೋದ ದನದ ಹೊಟ್ಟೇಲಿ ಬಂದಿರ್ಬೋದು” ಎಂದೆ.

ಇಷ್ಟೇ. ಮೇಯಿಸಿದವರು ನೀವು. ನಿಮ್ಮ ಅಪ್ಪನಿಂದ ನಿಮಗೆ ಬಂದ, ದೊಡ್ಡಿ ಕಾಯುವ ಹಕ್ಕಿನ ಕೋಲನ್ನು ಅಲ್ಲೇ ಕೆಳಗಿಡಿಸಿದರು. ಸಾಕ್ಷಿ ಏನಿದೆ ಎಂದು ಯಾರೂ ಕೇಳಲಿಲ್ಲ. ದಿನವೂ ಅದನ್ನೇ ಕೇಳುವ ನಾನೂ ಕೇಳಲಿಲ್ಲ.

“ಕೆಂಪಿಗೆ ಹಿಂಗಾಲು ನೋವೈತೆ. ಬೆಟ್ಟ ಹತ್ತಿಸ್ಬ್ಯಾಡಿ” ಎಂದು ಹೇಳಿ ಎದ್ದು ಹೋದಿರಿ.

ಹತ್ತಿಸಿದರು. ಕೆಂಪಿ ಇಳಿದು ಬರಲಿಲ್ಲ. ಸುದ್ದಿ ಬಂದ ದಿನ ನಿಮ್ಮ ಬಾಗಿಲವರೆಗೂ ಬಂದಿದ್ದೆ, ಮಾಮಾ. ನೀವು ಗೋಡೆಯ ಕಡೆ ತಿರುಗಿ ಕೂತಿದ್ದಿರಿ. ಹಾಗೇ ಹಿಂದಿರುಗಿದೆ.

ನಾನು ಸುಳ್ಳು ಹೇಳಲಿಲ್ಲ, ಹಾಗಾಗಿರಬಹುದು ಎಂದಷ್ಟೇ ಅಂದದ್ದು — ಒಂದು ವರ್ಷ ನನ್ನೊಳಗೆ ಹೀಗೆ ವಾದಿಸಿದೆ. ವಾದ ಗಟ್ಟಿಯಾಗಿ ನಿಲ್ಲುತ್ತದೆ, ನಿಮ್ಮೆದುರು ನಾನು ನಿಲ್ಲಲಾರೆ.

ಶುಕ್ರವಾರ ಕೂಟವಿದೆ. ಪೊಟ್ಟಣ ನನ್ನ ಬಳಿಯೇ ಇದೆ. ನಿಮ್ಮ ಕೋಲು ಇಟ್ಟ ಜಾಗದಲ್ಲೇ ಅದನ್ನಿಟ್ಟು, ಸಣ್ಣಕ್ಷರವನ್ನು ಎಲ್ಲರಿಗೂ ಕೇಳುವಂತೆ ಓದುತ್ತೇನೆ. ಅಜ್ಜಿ ಹೇಳಿದ್ದನ್ನೂ ಹೇಳುತ್ತೇನೆ. ಆಮೇಲೆ ಯಾರ ಹೊಲದಿಂದ ಕಳೆ ಕೀಳಲು ಶುರುಮಾಡಬೇಕೆಂದು ನೀವು ಹೇಳಿ.