ಅತ್ತೆಯ ಆಲೂಗಡ್ಡೆ, ನನ್ನ ನಾಲಿಗೆ

ನಮ್ಮತ್ತೆಯ ತುರುಬಿನಲ್ಲಿ ಹೂವಿನ ಜಾಗದಲ್ಲಿ ಒಂದು ಸಣ್ಣ ಬ್ರಷ್ ಸಿಕ್ಕಿಸಿರುತ್ತಿತ್ತು. ಚನ್ನಪಟ್ಟಣದ ನನ್ನ ತವರಿನಲ್ಲಿ ಬೊಂಬೆಗಳಿಗೆ ಕಣ್ಣು ಬರೆಯುವ ಬ್ರಷ್ ಅದು. ಮದುವೆಯಾಗಿ ಮರಳವಾಡಿ ಕಡೆಯ ಅವರ ಊರಿಗೆ ಬಂದಾಗ, ಬೇರೆ ಅತ್ತೆಯರು ಕೇಳುವುದನ್ನೆಲ್ಲ ಬಿಟ್ಟು, "ಅಮ್ಮೀ, ನಿಮ್ಮಪ್ಪಂಗೆ ಹೇಳಿ ಇನ್ನೊಂದೆರಡು ಬ್ರಷ್ ತರಿಸ್ಕೊಡು" ಎಂದಿದ್ದರು. ಅದರಲ್ಲಿ ಅವರು ಒಂದು ಆಲೂಗಡ್ಡೆ ಹೂವಿನ ಪರಾಗ ತೆಗೆದು ಇನ್ನೊಂದಕ್ಕೆ ಸವರುತ್ತಿದ್ದರು. ಗಿಡಗಳ ಮದುವೆ ಎಂದು ನಗುವ ಊರ ಹೆಂಗಸರಿಗೆ, "ನೀವು ಮಾಡಿರೋ ಮದುವೆಗಳಿಗಿಂತ ಒಳ್ಳೇ ಜೋಡಿ ಮಾಡಿವ್ನಿ ಕಣ್ರವ್ವ" ಎನ್ನುತ್ತಿದ್ದರು.

ಈ ಹುಚ್ಚಿಗೆ ಕಾರಣ ರೇಷ್ಮೆ. ಮನೆಯಲ್ಲಿ ರೇಷ್ಮೆ ಹುಳ, ಹೊಲದಲ್ಲಿ ಅದರ ಮೇವಿನ ಹಿಪ್ಪುನೇರಳೆ, ಪಕ್ಕದಲ್ಲೇ ಆಲೂಗಡ್ಡೆ. ಒಂದು ಸಲ ಆಲೂಗಡ್ಡೆಗೆ ರಸ ಹೀರುವ ಗಿಡಹೇನು ಬಿತ್ತೆಂದು ಮಾವ ಔಷಧಿ ಹೊಡೆದರು. ಗಾಳಿ ಅದನ್ನು ಸೊಪ್ಪಿನ ಮೇಲೆ ತಂದು ಹಾಕಿತು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳಗಳೆಲ್ಲ ಆ ಸೊಪ್ಪು ತಿಂದು ತಟ್ಟೆಯಲ್ಲೇ ಸತ್ತವು. ಗೌರಿ ಹಬ್ಬದಿಂದ ಯುಗಾದಿವರೆಗೆ ಮಾವನ ಜೊತೆ ಮಾತು ಬಿಟ್ಟ ಅತ್ತೆ, ಔಷಧಿಯೇ ಬೇಡದ ಆಲೂಗಡ್ಡೆ ಮಾಡಿಯೇ ಸಾಯುತ್ತೇನೆಂದು ಹಟ ಹಿಡಿದರು. ಊಟಿಯ ಆಲೂಗಡ್ಡೆ ಸಂಶೋಧನಾ ಕೇಂದ್ರದಲ್ಲಿ ಕೆಲಸಕ್ಕಿದ್ದ ನೆಂಟರೊಬ್ಬರು ಕಾಡು ಜಾತಿಯ ಒಂದು ಆಲೂಗಡ್ಡೆ ತಂದುಕೊಟ್ಟಿದ್ದರು. ಅದರ ಎಲೆ ತುಂಬ ಅಂಟು ಕೂದಲು. ಕೂತ ಹೇನು ಅಲ್ಲೇ ಸಿಕ್ಕಿಕೊಂಡು ಸಾಯುತ್ತಿತ್ತು. ಅದನ್ನು ನಮ್ಮ ಗಡ್ಡೆಯ ಜೊತೆ ಕೂಡಿಸಿ, ಕಾಯಿ ಕಟ್ಟಿಸಿ, ಬೀಜದಿಂದ ಹೊಸ ಗಿಡ ಎಬ್ಬಿಸಿದರು. ಕೂದಲು ಬಂತು, ಹೇನು ಹೋಯಿತು. ಆದರೆ ಕಾಡುಗಡ್ಡೆಯ ಕಹಿಯೂ ಜೊತೆಗೇ ಬಂತು.

ಎಲೆಯಡಿಕೆ ಜಗಿದು ಜಗಿದು ಅತ್ತೆಯ ನಾಲಿಗೆಗೆ ರುಚಿಯೇ ಹತ್ತುತ್ತಿರಲಿಲ್ಲ, ನೋಡಿ ಹೇಳುವ ಕೆಲಸ ಮನೆಯವರದು. ನಾನು ಬಂದ ಹೊಸದರಲ್ಲಿ ಆ ಹೊಸ ಗಡ್ಡೆ ಬೆಂದು ಎಲ್ಲರ ಮುಂದೆ ಬಂತು. "ಚೆಂದಾಗೈತೆ ಕಣವ್ವ" ಎಂದರು ನಮ್ಮ ಯಜಮಾನರು, ಕಣ್ಣಲ್ಲಿ ನೀರು ತುಂಬಿಕೊಂಡು. ಮಾವ "ಬೆಣ್ಣೆ, ಬೆಣ್ಣೆ" ಎನ್ನುತ್ತ ಹಿತ್ತಿಲಿಗೆ ಎದ್ದು ಹೋದರು. ನನಗೆ ಮನೆಯ ರೀತಿ ಗೊತ್ತಿರಲಿಲ್ಲ. "ಥೂ!" ಎಂದು ಅತ್ತೆಯ ಕಾಲ ಬಳಿಯೇ ಉಗಿದುಬಿಟ್ಟೆ. ತವರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನು ಯೋಚಿಸುತ್ತಿದ್ದೆ.

"ಸದ್ಯ, ನಾಲಿಗೆ ಇರೋಳು ಒಬ್ಳು ಬಂದ್ಲು" ಎಂದರು ಅತ್ತೆ. "ಈ ಪುಕ್ಲರನ್ನ ನಂಬ್ಕೊಂಡು ಇದನ್ನೇ ಹೊಲ ತುಂಬ ಹಾಕಕ್ಕೆ ಹೊಂಟಿದ್ನಲ್ಲ!"

ಕಹಿ ಕಳೆಯಲು ಅತ್ತೆ ವರ್ಷ ವರ್ಷವೂ ಹೊಸ ಜೋಡಿ ಕೂಡಿಸುತ್ತ ಹೋದರು. ಊರಿನ ಬೇರೆ ಸೊಸೆಯರು ತಮ್ಮ ಅತ್ತೆಯರ ಎದುರು ಉಸಿರೆತ್ತದಿದ್ದಾಗ ನಾನು ಪ್ರತಿ ಬೆಳೆಗೂ ರಾಜಾರೋಷವಾಗಿ ಥೂ ಎನ್ನುತ್ತಿದ್ದೆ. ಅಷ್ಟರಲ್ಲಿ ಸುತ್ತಲ ಹೊಲಗಳು ಒಂದೊಂದಾಗಿ ಫ್ಯಾಕ್ಟರಿ ಕಾಂಪೌಂಡುಗಳಾದವು. ನಮ್ಮದನ್ನೂ ಗೋಡೌನಿಗೆ ಕೇಳಲು ಬಂದ ದಲ್ಲಾಳಿಗೆ ಅತ್ತೆ ಪ್ರೀತಿಯಿಂದ ಆ ಕಹಿ ಗಡ್ಡೆಯದೇ ಒಂದು ತಟ್ಟೆ ಪಲ್ಯ ಕೊಟ್ಟರು. ಅವನು ಮತ್ತೆ ಬರಲಿಲ್ಲ.

ಅತ್ತೆ ಹಾಸಿಗೆ ಹಿಡಿದ ವರ್ಷ, ಹೇನು ಮುಟ್ಟದ ಒಂದು ಗಿಡದ ಗಡ್ಡೆ ಬೇಯಿಸಿ ಬಾಯಿಗಿಟ್ಟೆ. ಕಹಿಯಿರಲಿಲ್ಲ! ಓಡಿಹೋಗಿ, "ಅತ್ತೆ, ಚೆನ್ನಾಗೈತೆ" ಎಂದೆ.

ಅವರ ಮುಖ ಸಣ್ಣಗಾಯಿತು. "ಸಾಯೋಳಿಗೆ ಸುಳ್ಳು ಹೇಳ್ತೀಯೇನಮ್ಮಿ? ನೀನೂ ಇವರ ಜೊತೆ ಸೇರ್ಕಂಡ್ಬುಟ್ಟಾ?"

ಕಬ್ಬಾಳಮ್ಮನ ಆಣೆ ಇಟ್ಟೆ. ನಂಬಲಿಲ್ಲ. ಇಡೀ ಗಡ್ಡೆಯನ್ನು ಅವರ ಮುಂದೆಯೇ ತಿಂದು ತೋರಿಸಿದೆ. ಆಗಲೂ ನಂಬಲಿಲ್ಲ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: "ಕಹಿ ಇಲ್ಲ. ಆದ್ರೆ ಒಸಿ ಸಪ್ಪೆ ಕಣತ್ತೆ."

"ಅಂಗ್ ಹೇಳು ಮತ್ತೆ!" ಎಂದು ಅತ್ತೆ ಮುಖ ತುಂಬ ನಕ್ಕರು. ಆ ವಾರವೇ ಹೋದರು.

ಔಷಧಿ ಕಾಣದ ಆ ಗಡ್ಡೆ ಈಗಲೂ ನಮ್ಮ ಸೊಪ್ಪಿನ ಪಕ್ಕದಲ್ಲೇ ಬೆಳೆಯುತ್ತದೆ, ಹುಳಗಳು ನೆಮ್ಮದಿಯಾಗಿ ಗೂಡು ಕಟ್ಟುತ್ತವೆ. ಈಗ ಈ ಮನೆಗೆ ನಾನೇ ಅತ್ತೆ. ಏನು ಬಡಿಸಿದರೂ ನನ್ನ ಸೊಸೆ "ಸೂಪರ್ ಅತ್ತೆ" ಎನ್ನುತ್ತಾಳೆ. ಅವಳ ಬಾಯಲ್ಲಿ ಒಂದು ಥೂ ಅನ್ನಿಸಿಕೊಳ್ಳುವಷ್ಟು ದೊಡ್ಡ ಅತ್ತೆ ನಾನಿನ್ನೂ ಆಗಿಲ್ಲ.